ಮಂಜುಗಡ್ಡೆ ಕರಗುವಾಗ ಥರ್ಮಾಮೀಟರ್ ಏಕೆ ನಿಲ್ಲುತ್ತದೆ? ಗುಪ್ತೋಷ್ಣದ ಬಗ್ಗೆ ಒಂದು ಚರ್ಚೆ

ಕಲಿಯುವ ತಂದೆ:

ಒಂಬತ್ತನೇ ತರಗತಿಯಲ್ಲಿರುವ ಮಗಳಿಗೆ ಗುಪ್ತೋಷ್ಣದ (ವಸ್ತು ಕರಗುವಾಗ ಅಥವಾ ಆವಿಯಾಗುವಾಗ ತಾಪಮಾನ ಏರದೆಯೇ ಹೀರಿಕೊಳ್ಳುವ ಶಾಖದ) ಪಾಠ ಹೇಳಿಕೊಡಲು ಹೋಗಿ ನಾನೇ ಸಿಲುಕಿಕೊಂಡಿದ್ದೇನೆ. ನಾವಿಬ್ಬರೂ ಸೇರಿ ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆವು. ಅರ್ಧ ಕಿಲೋಗ್ರಾಂ ಮಂಜುಗಡ್ಡೆಯನ್ನು ಪುಡಿ ಮಾಡಿ ಸ್ಟೀಲ್ ಪಾತ್ರೆಗೆ ಹಾಕಿ, ವಿದ್ಯುತ್ ಒಲೆಯ ಮೇಲೆ ಕಡಿಮೆ ಶಾಖದಲ್ಲಿಟ್ಟು, ಪ್ರತಿ ಅರ್ಧ ನಿಮಿಷಕ್ಕೊಮ್ಮೆ ತಾಪಮಾನವನ್ನು ಬರೆದುಕೊಂಡೆವು. ಮೊದಲು ಮೈನಸ್ 8 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದ ಥರ್ಮಾಮೀಟರ್ ಒಂದು ನಿಮಿಷದೊಳಗೆ ಸೊನ್ನೆಗೆ ಏರಿತು. ಆಮೇಲೆ ಎಷ್ಟೋ ನಿಮಿಷ ಕದಲಲೇ ಇಲ್ಲ. ಒಲೆ ಉರಿಯುತ್ತಲೇ ಇತ್ತು, ಪಾತ್ರೆಯ ತಳ ಬಿಸಿಯಾಗಿಯೇ ಇತ್ತು.

ಇಲ್ಲಿ ನನಗೆ ಎರಡು ಸಂದೇಹಗಳಿವೆ. ಆ ಶಾಖವೆಲ್ಲ ಎಲ್ಲಿಗೆ ಹೋಯಿತು ಎಂದು ಮಗಳು ಕೇಳಿದಾಗ, ಅದು ಗುಪ್ತವಾಗಿದೆ ಎಂದು ಪುಸ್ತಕದಲ್ಲಿರುವಂತೆಯೇ ಹೇಳಿದೆ. ಅದು ಹೆಸರಾಯಿತೇ ಹೊರತು ಉತ್ತರವಾಗಲಿಲ್ಲ ಎಂದು ಅವಳು ಹೇಳಿದಳು, ಅವಳ ಮಾತು ನನಗೂ ಸರಿ ಎನಿಸಿತು. ಎರಡನೆಯದಾಗಿ, ಕರಗುವಿಕೆ ಮುಗಿಯುವವರೆಗೂ ತಾಪಮಾನ ಸೊನ್ನೆಯಲ್ಲೇ ಇರಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಇನ್ನೂ ಸಾಕಷ್ಟು ಮಂಜು ಮೇಲೆ ತೇಲುತ್ತಿರುವಾಗಲೇ ನಮ್ಮ ಥರ್ಮಾಮೀಟರ್ 4 ಡಿಗ್ರಿಯನ್ನು ತೋರಿಸಿತು. ತಪ್ಪು ಪುಸ್ತಕದ್ದೋ ನಮ್ಮದೋ?

ಭೌತಶಾಸ್ತ್ರ ಉಪನ್ಯಾಸಕಿ:

ಎರಡನೆಯ ಸಂದೇಹದಿಂದ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಯಾರ ತಪ್ಪೂ ಇಲ್ಲ, ನೀವು ಅರಿಯದೆಯೇ ನೀರಿನ ಇನ್ನೊಂದು ವಿಶೇಷ ಗುಣವನ್ನು ಅಳೆದಿದ್ದೀರಿ. ಥರ್ಮಾಮೀಟರಿನ ತುದಿ ಬಹುಶಃ ಪಾತ್ರೆಯ ತಳದ ಬಳಿ ಇತ್ತು ಮತ್ತು ನೀವು ಕಲಕಿರಲಿಲ್ಲ. ನೀರು ಅತ್ಯಂತ ಸಾಂದ್ರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ. ಆದ್ದರಿಂದ ತಳದಲ್ಲಿ ಬೆಚ್ಚಗಾದ ನೀರು 4 ಡಿಗ್ರಿಯವರೆಗೂ ಮೇಲೇಳದೆ ಅಲ್ಲೇ ಕುಳಿತಿರುತ್ತದೆ, ಆಗತಾನೇ ಕರಗಿದ ಸೊನ್ನೆ ಡಿಗ್ರಿಯ ನೀರು ಅದಕ್ಕಿಂತ ಹಗುರವಾದ್ದರಿಂದ ಮಂಜಿನ ಜೊತೆಗೆ ಮೇಲೆಯೇ ಉಳಿಯುತ್ತದೆ. ಪುಸ್ತಕದ ಮಾತು ನಿಜವಾಗುವುದು ಮಂಜು ಮತ್ತು ನೀರು ಒಂದಕ್ಕೊಂದು ಚೆನ್ನಾಗಿ ಬೆರೆತು ಒಂದೇ ತಾಪಮಾನದಲ್ಲಿರುವಾಗ ಮಾತ್ರ. ಪುಸ್ತಕಗಳು ಈ ಷರತ್ತನ್ನು ಬಿಟ್ಟುಬಿಡುವುದು ನನಗೆ ಬೇಸರದ ಸಂಗತಿ, ಏಕೆಂದರೆ ಪ್ರಾಮಾಣಿಕವಾಗಿ ಅಳೆಯುವ ಮಕ್ಕಳೇ ಇದರಿಂದ ತಮ್ಮ ಅಳತೆಯನ್ನು ಸಂಶಯಿಸುತ್ತಾರೆ.

ಇನ್ನು ಶಾಖ ಎಲ್ಲಿಗೆ ಹೋಯಿತು ಎಂಬುದು. ಒಂದು ಕಲ್ಲನ್ನು ನೆಲದಿಂದ ಎತ್ತಿ ಅಟ್ಟದ ಮೇಲಿಡಿ. ನೀವು ಕೆಲಸ ಮಾಡಿದ್ದೀರಿ, ಆದರೂ ಅಟ್ಟದ ಮೇಲಿರುವ ಕಲ್ಲು ನೆಲದ ಮೇಲಿದ್ದಾಗಿನಂತೆಯೇ ನಿಶ್ಚಲವಾಗಿದೆ. ವ್ಯಯವಾದ ಶಕ್ತಿ ಕಲ್ಲಿನ ವೇಗದಲ್ಲಿಲ್ಲ, ಭೂಮಿಗೂ ಅದಕ್ಕೂ ನಡುವಿನ ಸ್ಥಾನದಲ್ಲಿದೆ. ಮಂಜಿನಲ್ಲಿ ಪ್ರತಿ ನೀರಿನ ಅಣುವನ್ನೂ ಸುತ್ತಲಿನ ನಾಲ್ಕು ಅಣುಗಳು ಹೈಡ್ರೋಜನ್ ಬಂಧಗಳಿಂದ, ಅಂದರೆ ಅಕ್ಕಪಕ್ಕದ ನೀರಿನ ಅಣುಗಳ ನಡುವಿನ ಸೆಳೆತದಿಂದ, ಹಿಡಿದುಕೊಂಡಿರುತ್ತವೆ. ಕರಗುವುದೆಂದರೆ ಆ ಹಿಡಿತಗಳಲ್ಲಿ ಕೆಲವನ್ನು ಬಿಡಿಸಿ, ಉಳಿದವನ್ನು ಸಡಿಲಿಸಿ, ಅಣುಗಳು ಜಾಗ ಬದಲಿಸುವಂತೆ ಮಾಡುವುದು. ಒಲೆಯಿಂದ ಬಂದ ಶಾಖ ಈ ಕೆಲಸಕ್ಕೆ ಖರ್ಚಾಗಿ ಅಣುಗಳ ಪ್ರಚ್ಛನ್ನ ಶಕ್ತಿಯಾಗಿ ಉಳಿಯುತ್ತದೆ. ಥರ್ಮಾಮೀಟರಿಗೆ ತಿಳಿಯುವುದು ಅಣುಗಳು ಎಷ್ಟು ಬಿರುಸಾಗಿ ಚಲಿಸುತ್ತಿವೆ ಎಂಬುದು ಮಾತ್ರ; ಅವು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿವೆ ಎಂಬುದು ಅದಕ್ಕೆ ಕಾಣುವುದಿಲ್ಲ. ಶಾಖ ಅಡಗಿರುವುದು ಥರ್ಮಾಮೀಟರಿನ ಪಾಲಿಗೆ ಅಷ್ಟೇ.

ರಸಾಯನ ವಿದ್ಯಾರ್ಥಿನಿ:

ಮೇಡಂ, ನನ್ನದೂ ಎರಡು ಸಂದೇಹಗಳಿವೆ. ಬಂಧಗಳು ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ ಎಂದು ಜೀವಶಾಸ್ತ್ರದ ತರಗತಿಯಲ್ಲಿ ಕೇಳಿದ ನೆನಪಿದೆ, ಇಲ್ಲಿ ನೀವು ಮುರಿಯಲು ಶಕ್ತಿ ಬೇಕು ಎನ್ನುತ್ತಿದ್ದೀರಿ. ಅಲ್ಲದೆ, ಶಾಖದ ಸ್ವಲ್ಪ ಭಾಗ ಬಂಧ ಬಿಡಿಸಲೂ ಸ್ವಲ್ಪ ಭಾಗ ವೇಗ ಹೆಚ್ಚಿಸಲೂ ಹಂಚಿಹೋಗಬಹುದಲ್ಲವೇ? ಎಲ್ಲವೂ ಮೊದಲನೆಯದಕ್ಕೇ ಹೋಗಬೇಕೆಂದು ಯಾರು ನಿರ್ಧರಿಸುತ್ತಾರೆ?

ಭೌತಶಾಸ್ತ್ರ ಉಪನ್ಯಾಸಕಿ:

ಯಾವ ಬಂಧವನ್ನು ಮುರಿಯಬೇಕಾದರೂ ಶಕ್ತಿ ಕೊಡಲೇಬೇಕು, ಇದಕ್ಕೆ ವಿನಾಯಿತಿ ಇಲ್ಲ. ಜೀವಕೋಶಗಳ ರಾಸಾಯನಿಕ ಕ್ರಿಯೆಗಳಲ್ಲಿ ಶಕ್ತಿ ದೊರೆಯುವುದು ಹಳೆಯ ಬಂಧಗಳ ಜಾಗದಲ್ಲಿ ಅವಕ್ಕಿಂತ ಬಲವಾದ ಹೊಸ ಬಂಧಗಳು ಏರ್ಪಡುವುದರಿಂದ. ಮುರಿಯುವ ಹಂತವೊಂದನ್ನೇ ಹೆಸರಿಸಿ ಮಾತನಾಡುವ ರೂಢಿಯಿಂದ ಈ ಗೊಂದಲ ಹುಟ್ಟಿದೆ.

ನಿಮ್ಮ ಎರಡನೆಯ ಪ್ರಶ್ನೆ ಬಹಳ ಒಳ್ಳೆಯದು, ಅದಕ್ಕೆ ಉತ್ತರವಿರುವುದು ಮಂಜೂ ನೀರೂ ಸಂಧಿಸುವ ಮೇಲ್ಮೈಯಲ್ಲಿ. ಅಲ್ಲಿ ಪ್ರತಿಕ್ಷಣವೂ ಕೆಲವು ಅಣುಗಳು ಮಂಜನ್ನು ಬಿಟ್ಟು ನೀರಿಗೆ ಬರುತ್ತಿರುತ್ತವೆ, ಕೆಲವು ನೀರನ್ನು ಬಿಟ್ಟು ಮಂಜಿಗೆ ಅಂಟಿಕೊಳ್ಳುತ್ತಿರುತ್ತವೆ. ಈ ಎರಡೂ ಹರಿವುಗಳು ಸಮನಾಗುವ ತಾಪಮಾನವನ್ನೇ ನಾವು ದ್ರವನ ಬಿಂದು ಎನ್ನುವುದು. ನೀರು ಇದಕ್ಕಿಂತ ಒಂದಿಷ್ಟು ಬೆಚ್ಚಗಾಯಿತೆನ್ನಿ. ಆಗ ಬಿಟ್ಟುಬರುವ ಅಣುಗಳ ಸಂಖ್ಯೆ ಹೆಚ್ಚಾಗುತ್ತದೆ, ಹೀಗೆ ಬಿಡಿಸಿಕೊಂಡು ಬರಲು ಬೇಕಾದ ಶಕ್ತಿಯನ್ನು ಅವು ಸುತ್ತಲಿನ ನೀರಿನಿಂದಲೇ ಪಡೆಯುತ್ತವೆ, ನೀರು ಮತ್ತೆ ತಣ್ಣಗಾಗುತ್ತದೆ. ತಾಪಮಾನ ಕೆಳಗಿಳಿದರೆ ಇದಕ್ಕೆ ವಿರುದ್ಧವಾದುದು ನಡೆದು ಶಾಖ ಹೊರಬರುತ್ತದೆ. ಯಾರೂ ನಿರ್ಧರಿಸಬೇಕಾಗಿಲ್ಲ, ಈ ಕೊಡುಕೊಳ್ಳುವಿಕೆಯೇ ತಾಪಮಾನವನ್ನು ಅಲ್ಲಿಗೇ ಎಳೆದು ತರುತ್ತದೆ. ಹಾಗೆಂದು ಎಳೆತ ಕ್ಷಣಾರ್ಧದಲ್ಲಿ ಮುಗಿಯುವಂಥದ್ದಲ್ಲ. ಉರಿ ಜೋರಾಗಿದ್ದು ಮಂಜಿನ ತುಂಡುಗಳು ದೊಡ್ಡವಾಗಿದ್ದರೆ ನೀರು ಸೊನ್ನೆಯಿಂದ ಮೇಲಕ್ಕೆ ಜಾರುತ್ತದೆ. ಆದ್ದರಿಂದ ಮಂಜನ್ನು ಪುಡಿ ಮಾಡಿದ್ದು ಒಳ್ಳೆಯದೇ ಆಯಿತು; ಕಲಕಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು.

ಇತಿಹಾಸದ ಓದುಗ:

ಈ ಸಂದರ್ಭದಲ್ಲಿ ಹದಿನೆಂಟನೇ ಶತಮಾನದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅವರ ಪ್ರಯೋಗವನ್ನು ನೆನೆಯದೆ ಇರಲಾರೆ, ಏಕೆಂದರೆ ಮಗಳು ಕೇಳಿದ ಪ್ರಶ್ನೆಯೇ ಅವರದೂ ಆಗಿತ್ತು. ಅಲ್ಲಿಯವರೆಗಿನ ನಂಬಿಕೆಯ ಪ್ರಕಾರ ಕರಗುವ ಬಿಂದುವನ್ನು ಮುಟ್ಟಿದ ಘನವಸ್ತುವಿಗೆ ಇನ್ನೊಂದು ಚೂರು ಶಾಖ ಸೇರಿದರೆ ಸಾಕು, ಅದೆಲ್ಲ ನೀರಾಗಬೇಕು. ಹಾಗಾಗುವುದಾದರೆ ಬೆಟ್ಟಗಳ ಹಿಮವೆಲ್ಲ ಮೊದಲ ಬೆಚ್ಚನೆಯ ದಿನವೇ ಒಮ್ಮೆಗೇ ಕರಗಿ ಭಯಂಕರ ಪ್ರವಾಹ ಬರಬೇಕಾಗಿತ್ತು ಎಂದು ಬ್ಲ್ಯಾಕ್ ತರ್ಕಿಸಿದರು. ನಿಜದಲ್ಲಿ ಹಿಮ ವಾರಗಟ್ಟಲೆ, ತಿಂಗಳುಗಟ್ಟಲೆ ಕರಗುತ್ತಾ ಇರುತ್ತದೆ.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅವರು ಎರಡು ಗಾಜಿನ ಬುರುಡೆಗಳಲ್ಲಿ ಸಮನಾದ ನೀರನ್ನು ತೆಗೆದುಕೊಂಡು, ಒಂದನ್ನು ಹೆಪ್ಪುಗಟ್ಟಿಸಿ, ಇನ್ನೊಂದನ್ನು ಹೆಪ್ಪುಗಟ್ಟುವ ಅಂಚಿಗೆ ತಂದು, ಎರಡನ್ನೂ ಒಂದು ವಿಶಾಲವಾದ ಕೋಣೆಯಲ್ಲಿ ತೂಗುಹಾಕಿದರು. ನೀರಿದ್ದ ಬುರುಡೆ 33ರಿಂದ 40 ಡಿಗ್ರಿ ಫ್ಯಾರನ್‌ಹೀಟ್‌ಗೆ ಬರಲು ಅರ್ಧ ಗಂಟೆ ಸಾಕಾಯಿತು. ಮಂಜಿದ್ದ ಬುರುಡೆ ಅದೇ 40ಕ್ಕೆ ಬರಲು ಹತ್ತೂವರೆ ಗಂಟೆ ಬೇಕಾಯಿತು, ಅಂದರೆ 21 ಅರ್ಧಗಂಟೆಗಳು. ಅರ್ಧ ಗಂಟೆಗೆ 7 ಡಿಗ್ರಿಯಂತೆ ಒಟ್ಟು 147 ಡಿಗ್ರಿಯಷ್ಟು ಶಾಖ ಒಳಗೆ ಹೋಗಿದೆ. ಥರ್ಮಾಮೀಟರಿನಲ್ಲಿ ಕಂಡದ್ದು, ಮಂಜಿನ 32ರಿಂದ 40ರವರೆಗೆ, 8 ಡಿಗ್ರಿ ಮಾತ್ರ. ಉಳಿದ 139 ಡಿಗ್ರಿ ಕರಗಿಸುವುದಕ್ಕೇ ವ್ಯಯವಾಗಿದೆ. ಇಂದಿನ ನಿಖರ ಅಳತೆಯನ್ನು ಅದೇ ಮಾನಕ್ಕೆ ತಂದರೆ ಸುಮಾರು 144 ಬರುತ್ತದೆ. ಒಂದು ಕೋಣೆಯ ಗಾಳಿ, ಎರಡು ಬುರುಡೆ, ಒಂದು ಗಡಿಯಾರದಿಂದ ಇಷ್ಟು ಹತ್ತಿರ ಹೋದದ್ದು ನನಗೆ ಇಂದಿಗೂ ರೋಮಾಂಚನದ ವಿಷಯ. 1762ರ ಏಪ್ರಿಲ್‌ನಲ್ಲಿ ಅವರು ಇದನ್ನು ಗ್ಲಾಸ್ಗೋದ ವಿದ್ವಾಂಸರ ಕೂಟದಲ್ಲಿ ಓದಿದರಾದರೂ ಅಚ್ಚಿಗೆ ಕೊಡಲಿಲ್ಲ. ಅವರ ಉಪನ್ಯಾಸಗಳು ಪ್ರಕಟವಾದದ್ದು ಅವರು ತೀರಿಕೊಂಡ ಮೇಲೆ, 1803ರಲ್ಲಿ.

ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ಜೇಮ್ಸ್ ವಾಟ್, ಸ್ವಲ್ಪವೇ ಉಗಿ ತನ್ನ ತೂಕದ ಸುಮಾರು ಆರು ಪಟ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವುದನ್ನು ಕಂಡು ಬೆರಗಾಗಿ ಬ್ಲ್ಯಾಕ್ ಅವರನ್ನು ವಿಚಾರಿಸಿದರು. ಕಾರಣ ಮತ್ತದೇ ಗುಪ್ತೋಷ್ಣ.

ಕಲಿಯುವ ತಂದೆ:

ಎಲ್ಲರಿಗೂ ಧನ್ಯವಾದಗಳು. ಬ್ಲ್ಯಾಕ್ ಅವರ ಲೆಕ್ಕವನ್ನು ಮಗಳು ತಾನೇ ಮತ್ತೊಮ್ಮೆ ಮಾಡಿ ನೋಡಿದಳು. ಈಗ ಅವಳು ಕೇಳುತ್ತಿರುವುದು ಉಗಿಯ ಬಗ್ಗೆ. ಪುಸ್ತಕದ ಪಟ್ಟಿಯಲ್ಲಿ ಒಂದು ಕಿಲೋಗ್ರಾಂ ಮಂಜನ್ನು ಕರಗಿಸಲು 334 ಕಿಲೋಜೂಲ್, ಅದೇ ಒಂದು ಕಿಲೋಗ್ರಾಂ ನೀರನ್ನು 100 ಡಿಗ್ರಿಯಲ್ಲಿ ಉಗಿಯಾಗಿಸಲು 2257 ಕಿಲೋಜೂಲ್ ಎಂದಿದೆ. ಹೆಚ್ಚುಕಡಿಮೆ ಏಳು ಪಟ್ಟು! ಎರಡೂ ಸ್ಥಿತಿ ಬದಲಾವಣೆಗಳೇ ಆಗಿರುವಾಗ ಇಷ್ಟೊಂದು ಅಂತರವೇಕೆ?

ರಸಾಯನ ವಿದ್ಯಾರ್ಥಿನಿ:

ಇದಕ್ಕೆ ಉತ್ತರಿಸಲು ನಾನು ಪ್ರಯತ್ನಿಸುತ್ತೇನೆ, ತಪ್ಪಿದ್ದರೆ ಮೇಡಂ ತಿದ್ದಬೇಕು. ಕರಗಿದ ಮೇಲೂ ನೀರಿನ ಅಣುಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಬಹುಪಾಲು ಹೈಡ್ರೋಜನ್ ಬಂಧಗಳು ಉಳಿದೇ ಇರುತ್ತವೆ. ಉಗಿಯಾಗಬೇಕಾದರೆ ಪ್ರತಿಯೊಂದು ಅಣುವೂ ಉಳಿದೆಲ್ಲವುಗಳಿಂದ ಪೂರ್ತಿ ಬಿಡಿಸಿಕೊಂಡು ದೂರ ಹೋಗಬೇಕು. ದೂರ ಎಷ್ಟೆಂದರೆ, ಸಾಮಾನ್ಯ ವಾಯುಭಾರದಲ್ಲಿ ಒಂದು ಲೀಟರ್ ನೀರು ಸುಮಾರು 1,600 ಲೀಟರಿಗೂ ಮೀರಿದ ಉಗಿಯಾಗುತ್ತದೆ.

ಇಷ್ಟೊಂದು ಹಿಗ್ಗುವಾಗ ಉಗಿ ತನ್ನ ಮೇಲಿನ ಗಾಳಿಯನ್ನು ತಳ್ಳಬೇಕಲ್ಲ, ಆ ಕೆಲಸಕ್ಕೂ ಶಕ್ತಿ ಬೇಕು. ವಾಯುಭಾರವನ್ನು ಗಾತ್ರದ ಹೆಚ್ಚಳದಿಂದ ಗುಣಿಸಿ ನೋಡಿದೆ. ಕಿಲೋಗ್ರಾಂಗೆ ಸುಮಾರು 169 ಕಿಲೋಜೂಲ್ ಬಂತು. ಗಾಳಿಯನ್ನು ತಳ್ಳುವುದೇ ಏಳು ಪಟ್ಟಿಗೆ ಕಾರಣವಿರಬೇಕೆಂದು ನಾನು ಮೊದಲು ಅಂದುಕೊಂಡಿದ್ದೆ, ಆದರೆ ಅದು 2257ರಲ್ಲಿ ನೂರಕ್ಕೆ ಏಳೂವರೆ ಭಾಗ ಮಾತ್ರ. ಉಳಿದ 2088 ಕಿಲೋಜೂಲ್ ಅಣುಗಳನ್ನು ಬೇರ್ಪಡಿಸಲಿಕ್ಕೇ ಹೋಗುತ್ತದೆ. ಮಂಜು ಕರಗುವಾಗ ಗಾತ್ರ ಹೆಚ್ಚುವ ಬದಲು ಕುಗ್ಗುವುದರಿಂದ ಅಲ್ಲಿ ಈ ಲೆಕ್ಕ ಗಣನೆಗೇ ಬರುವುದಿಲ್ಲ.

ಭೌತಶಾಸ್ತ್ರ ಉಪನ್ಯಾಸಕಿ:

ತಿದ್ದುವುದೇನೂ ಇಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ: 2257 ಎಂಬುದು 100 ಡಿಗ್ರಿಗೆ ಸಂಬಂಧಿಸಿದ ಅಂಕಿ. ನೀರು ಕುದಿಯದೆಯೇ ಎಲ್ಲ ತಾಪಮಾನಗಳಲ್ಲೂ ಆವಿಯಾಗುತ್ತದೆ. 25 ಡಿಗ್ರಿಯಲ್ಲಿ ಅದಕ್ಕೆ ಬೇಕಾಗುವುದು ಸುಮಾರು 2442, ಸೊನ್ನೆಯಲ್ಲಿ ಸುಮಾರು 2501 ಕಿಲೋಜೂಲ್. ತಣ್ಣಗಿನ ನೀರಿನಲ್ಲಿ ಅಣುಗಳ ಹಿಡಿತ ಹೆಚ್ಚು ಬಿಗಿಯಾಗಿರುವುದರಿಂದ ಬಿಡುಗಡೆಯ ಬೆಲೆಯೂ ಹೆಚ್ಚು. ಮೈಯ ಬೆವರು ಆರುವಾಗ ಪ್ರತಿ ಗ್ರಾಂಗೂ ಸುಮಾರು 2,400 ಜೂಲ್ ಶಾಖವನ್ನು ಚರ್ಮದಿಂದ ಕೊಂಡೊಯ್ಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ.

ಇದನ್ನೇ ಇಡೀ ಭೂಮಿಗೆ ಅನ್ವಯಿಸಿ ನೋಡಿ. ಭೂಮಿಯ ಮೇಲೆ ಸರಾಸರಿ ವರ್ಷಕ್ಕೆ ಸುಮಾರು ಒಂದು ಮೀಟರ್ ಮಳೆ ಬೀಳುತ್ತದೆ, ಅಷ್ಟೇ ನೀರು ಮೊದಲು ಆವಿಯಾಗಿ ಮೇಲೇರಿರಬೇಕು. ಪ್ರತಿ ಚದರ ಮೀಟರಿಗೆ 1,000 ಕಿಲೋಗ್ರಾಂ ನೀರು, ಕಿಲೋಗ್ರಾಂಗೆ 2,500 ಕಿಲೋಜೂಲ್. ವರ್ಷದ ಸೆಕೆಂಡುಗಳಿಂದ ಭಾಗಿಸಿದರೆ ಚದರ ಮೀಟರಿಗೆ ಹತ್ತಿರಹತ್ತಿರ 80 ವಾಟ್. ಹಗಲೂ ರಾತ್ರಿ ಇಷ್ಟು ಶಾಖ ನೆಲ ಮತ್ತು ಕಡಲುಗಳಿಂದ ಆವಿಯೊಡನೆ ಮೇಲಕ್ಕೆ ಹೋಗಿ, ಮೋಡ ಕಟ್ಟುವಾಗ ಗಾಳಿಗೆ ಸೇರುತ್ತಿರುತ್ತದೆ. ಚಂಡಮಾರುತಗಳಿಗೆ ಬಲ ಬರುವುದೂ ಇಲ್ಲಿಂದಲೇ.

ಶೈತ್ಯಯಂತ್ರ ತಂತ್ರಜ್ಞ:

ನಾನು ಶೈತ್ಯಯಂತ್ರಗಳ ಕೆಲಸದಲ್ಲಿರುವವನು, ನನ್ನ ದಿನದ ಕೆಲಸವೆಲ್ಲ ಈ ಗುಪ್ತೋಷ್ಣದ ಜೊತೆಗೇ. ರೆಫ್ರಿಜರೇಟರ್ ತಂಪನ್ನು ಉತ್ಪಾದಿಸುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾಗಿ ಅದು ಒಂದು ದ್ರವವನ್ನು ಪೆಟ್ಟಿಗೆಯೊಳಗೆ ಕಡಿಮೆ ಒತ್ತಡದಲ್ಲಿ ಕುದಿಸಿ, ಆವಿಯನ್ನು ಕಂಪ್ರೆಸರಿನಿಂದ ಒತ್ತಿ, ಪೆಟ್ಟಿಗೆಯ ಹೊರಗೆ ಮತ್ತೆ ದ್ರವವಾಗಿಸುತ್ತದೆ. ಕುದಿಯುವಾಗ ಒಳಗಿನ ಶಾಖವನ್ನು ಹೀರಿಕೊಂಡು, ದ್ರವವಾಗುವಾಗ ಅದನ್ನು ಹೊರಗೆ ಬಿಡುತ್ತದೆ. ನಾವು ಬಳಸುವ ಆರ್-134ಎ ಎಂಬ ದ್ರವ ಸಾಮಾನ್ಯ ವಾಯುಭಾರದಲ್ಲಿ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ. ಇನ್ನು ಏರ್ ಕಂಡೀಷನರನ್ನು 'ಒಂದು ಟನ್ನಿನದು' ಎಂದು ಕರೆಯುವುದು ಯಂತ್ರದ ತೂಕದಿಂದಲ್ಲ. 907 ಕಿಲೋಗ್ರಾಂನ ಹಳೆಯ ಟನ್ ಲೆಕ್ಕದಲ್ಲಿ ಅಷ್ಟು ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತಾ ಹೀರುವ ಶಾಖವನ್ನು ಆ ಯಂತ್ರ ಹೊರಹಾಕಬಲ್ಲದು ಎಂದು ಅದರ ಅರ್ಥ. ಮೇಲೆ ಕೊಟ್ಟ 334ನ್ನೇ ಬಳಸಿ ಮಗಳು ಲೆಕ್ಕ ಹಾಕಲಿ, 3.5 ಕಿಲೋವಾಟ್ ಬರುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಒಂದು ಗ್ರಾಂ ಕುದಿನೀರು ಚರ್ಮದ ಮೇಲೆ ಬಿದ್ದು 37 ಡಿಗ್ರಿಗೆ ಇಳಿಯುವಾಗ ಸುಮಾರು 264 ಜೂಲ್ ಶಾಖವನ್ನು ಕೊಡುತ್ತದೆ. ಅದೇ 100 ಡಿಗ್ರಿಯ ಒಂದು ಗ್ರಾಂ ಉಗಿ ಚರ್ಮದ ಮೇಲೆ ನೀರಾಗಿ ಅಷ್ಟೇ ತಣ್ಣಗಾಗುವಾಗ 2,500 ಜೂಲ್‌ಗೂ ಹೆಚ್ಚು. ಎರಡರ ತಾಪಮಾನವೂ ಒಂದೇ, ಗಾಯ ಮಾತ್ರ ಒಂದೇ ಅಲ್ಲ. ಮಕ್ಕಳೊಂದಿಗೆ ಉಗಿಯ ಪ್ರಯೋಗ ಮಾಡುವವರು ದಯವಿಟ್ಟು ಇದನ್ನು ನೆನಪಿಡಿ.

ಕಲಿಯುವ ತಂದೆ:

ಈ ಎಚ್ಚರಿಕೆಗೆ ವಿಶೇಷ ಧನ್ಯವಾದಗಳು. ಉಗಿಯ ಪ್ರಯೋಗವನ್ನು ನಾವು ಕೈಬಿಟ್ಟಿದ್ದೇವೆ. ಮಗಳ ಇನ್ನೊಂದು ಪ್ರಶ್ನೆ: ಕರಗುವಾಗ ಶಾಖ ಒಳಗೆ ಹೋಗುವುದಾದರೆ ಹೆಪ್ಪುಗಟ್ಟುವಾಗ ಹೊರಗೆ ಬರಬೇಕು. ಹಾಗಿದ್ದರೆ ಹೆಪ್ಪುಗಟ್ಟುತ್ತಿರುವ ನೀರು ಬಿಸಿಯಾಗಬೇಕಲ್ಲವೇ?

ಭೌತಶಾಸ್ತ್ರ ಉಪನ್ಯಾಸಕಿ:

ಬಿಸಿಯಾಗುವುದುಂಟು, ನೋಡಲು ಸಿಗುವುದು ಅಪರೂಪ ಅಷ್ಟೇ. ಸಾಮಾನ್ಯವಾಗಿ ಹೊರಬಂದ ಶಾಖವನ್ನು ಸುತ್ತಲಿನ ಚಳಿ ಕೂಡಲೇ ಒಯ್ಯುವುದರಿಂದ ತಾಪಮಾನ ಸೊನ್ನೆಯಲ್ಲಿ ನಿಲ್ಲುತ್ತದೆ, ಏರುವುದಿಲ್ಲ. ಆದರೆ ಶುದ್ಧವಾದ ನೀರನ್ನು ಅಲುಗಿಸದೆ ನಿಧಾನವಾಗಿ ತಣಿಸಿದರೆ ಅದು ಸೊನ್ನೆಗಿಂತ ಕೆಳಗೂ ದ್ರವವಾಗಿಯೇ ಇರಬಲ್ಲದು, ಏಕೆಂದರೆ ಹರಳು ಕಟ್ಟಲು ಒಂದು ಮೊದಲ ಕಣ ಬೇಕು. ಮೋಡಗಳಲ್ಲಿನ ಸೂಕ್ಷ್ಮ ಹನಿಗಳು ಮೈನಸ್ 38 ಡಿಗ್ರಿಯ ಆಸುಪಾಸಿನವರೆಗೂ ಹೀಗೆ ದ್ರವವಾಗಿಯೇ ಉಳಿಯಬಲ್ಲವು. ಮೈನಸ್ 10ರಲ್ಲಿರುವ ಅಂಥ ನೀರನ್ನು ಅಲುಗಿಸಿದರೆ ಅಥವಾ ಅದಕ್ಕೆ ಒಂದು ಮಂಜಿನ ಚೂರನ್ನು ಹಾಕಿದರೆ ನೋಡನೋಡುತ್ತಿದ್ದಂತೆ ಹರಳುಗಳು ಹಬ್ಬಿ ಥರ್ಮಾಮೀಟರ್ ಸೊನ್ನೆಗೆ ನೆಗೆಯುತ್ತದೆ. ಚಳಿಯಲ್ಲಿಟ್ಟ ಪಾತ್ರೆಯೊಳಗೆ ಹೆಪ್ಪುಗಟ್ಟುವ ಕ್ಷಣದಲ್ಲಿ ತಾಪಮಾನ ಮೇಲಕ್ಕೆ ಹೋಗುತ್ತದೆ! ಹತ್ತು ಡಿಗ್ರಿ ಏರಲು ಕಿಲೋಗ್ರಾಂಗೆ ಸುಮಾರು 42 ಕಿಲೋಜೂಲ್ ಬೇಕು, ಹೆಪ್ಪುಗಟ್ಟುವಿಕೆ ಕೊಡುವುದು 334. ಆದ್ದರಿಂದ ನೀರಿನ ಎಂಟನೆಯ ಒಂದು ಭಾಗ ಮಂಜಾಗುವಷ್ಟರಲ್ಲಿ ಇಡೀ ಪಾತ್ರೆ ಸೊನ್ನೆಗೆ ಬಂದಿರುತ್ತದೆ, ಮಿಕ್ಕದ್ದು ಆಮೇಲೆ ನಿಧಾನವಾಗಿ ಹೆಪ್ಪುಗಟ್ಟಬೇಕು.

ಇತಿಹಾಸದ ಓದುಗ:

ಎಲ್ಲ ವಸ್ತುಗಳೂ ಹೀಗೆ ಒಂದೇ ತಾಪಮಾನದಲ್ಲಿ ನಿಂತು ಸ್ಥಿತಿ ಬದಲಿಸುತ್ತವೆಯೇ? ಮೇಣವನ್ನೂ ಗಾಜನ್ನೂ ಕಾಯಿಸಿ ನೋಡಿದವನಾಗಿ ನನಗೆ ಅನುಮಾನವಿದೆ.

ಭೌತಶಾಸ್ತ್ರ ಉಪನ್ಯಾಸಕಿ:

ನಿಮ್ಮ ಅನುಮಾನ ಸರಿಯಾಗಿದೆ. ಮೇಣ ಹಲವು ಬಗೆಯ ಅಣುಗಳ ಮಿಶ್ರಣವಾದ್ದರಿಂದ ಒಂದು ಬಿಂದುವಿನಲ್ಲಿ ಕರಗದೆ ಕೆಲವು ಡಿಗ್ರಿಗಳ ಹರವಿನಲ್ಲಿ ಕರಗುತ್ತದೆ. ಗಾಜಿನಲ್ಲಿ ಅಣುಗಳ ಕ್ರಮಬದ್ಧ ಜೋಡಣೆಯೇ ಇಲ್ಲದಿರುವುದರಿಂದ ಮುರಿಯಬೇಕಾದ ಕ್ರಮವೂ ಇಲ್ಲ, ಅದು ಕ್ರಮೇಣ ಮೆತ್ತಗಾಗುತ್ತದೆ ಅಷ್ಟೇ. ಇನ್ನೂ ಸೊಗಸಾದ ಸಂಗತಿಯೆಂದರೆ ನೀರಿನ ಆವೀಕರಣದ ಗುಪ್ತೋಷ್ಣವೂ ಶಾಶ್ವತವಲ್ಲ. ಒತ್ತಡವನ್ನು ಹೆಚ್ಚಿಸುತ್ತಾ ಹೋದಂತೆ ಕುದಿಯುವ ಬಿಂದು ಮೇಲೇರುತ್ತದೆ, ಉಗಿ ಸಾಂದ್ರವಾಗುತ್ತದೆ, ನೀರು ಸಡಿಲವಾಗುತ್ತದೆ, ಎರಡರ ನಡುವಿನ ಅಂತರ ಕಿರಿದಾಗುತ್ತಾ ಬರುತ್ತದೆ. ಸುಮಾರು 374 ಡಿಗ್ರಿ ಮತ್ತು 218 ವಾಯುಭಾರದಲ್ಲಿ ನೀರಿಗೂ ಉಗಿಗೂ ವ್ಯತ್ಯಾಸವೇ ಉಳಿಯದೆ ಗುಪ್ತೋಷ್ಣ ಸೊನ್ನೆಯಾಗುತ್ತದೆ. ಇಂಥ ಬಿಂದುವನ್ನು ಇಂಗಾಲದ ಡೈಆಕ್ಸೈಡ್‌ನಲ್ಲಿ ಥಾಮಸ್ ಆಂಡ್ರೂಸ್ 1869ರಲ್ಲಿ ವಿವರವಾಗಿ ತೋರಿಸಿಕೊಟ್ಟರು. ಅದರಲ್ಲಿ ಇದು 31 ಡಿಗ್ರಿಯಲ್ಲೇ ಒದಗುತ್ತದೆ. ಎರಡು ಸ್ಥಿತಿಗಳು ನಿಜವಾಗಿಯೂ ಬೇರೆಬೇರೆಯಾಗಿದ್ದರೆ ಮಾತ್ರ ಅವುಗಳ ನಡುವೆ ದಾಟಲು ಶಕ್ತಿಯನ್ನು ತೆರಬೇಕಾಗುತ್ತದೆ.

ಕಲಿಯುವ ತಂದೆ:

ನಿನ್ನೆ ಪ್ರಯೋಗವನ್ನು ಮತ್ತೆ ಮಾಡಿದೆವು. ಈ ಬಾರಿ ಅರ್ಧ ಕಿಲೋಗ್ರಾಂ ಪುಡಿ ಮಂಜನ್ನು ಹೊರಗಿಟ್ಟು, ಅದು ಸೊನ್ನೆಗೆ ಬಂದ ಮೇಲೆ ಒಲೆಯ ಮೇಲಿಟ್ಟು ಮಗಳು ಬಿಡದೆ ಕಲಕಿದಳು. ಮಂಜಿನ ಕೊನೆಯ ಚೂರು ಮಾಯವಾಗುವವರೆಗೂ ಥರ್ಮಾಮೀಟರ್ ಅರ್ಧ ಡಿಗ್ರಿಗಿಂತ ಮೇಲೇರಲಿಲ್ಲ. ಕರಗಲು 12 ನಿಮಿಷ ಹಿಡಿಯಿತು. ಆಮೇಲೆ ಅದೇ ಉರಿಯಲ್ಲಿ ನೀರು 10ರಿಂದ 40 ಡಿಗ್ರಿಗೆ ಏರಲು 5 ನಿಮಿಷ ಬೇಕಾಯಿತು. ನೀರಿನ ವಿಶಿಷ್ಟೋಷ್ಣ (ಒಂದು ಕಿಲೋಗ್ರಾಂ ಒಂದು ಡಿಗ್ರಿ ಏರಲು ಬೇಕಾದ ಶಾಖ) 4.18 ಕಿಲೋಜೂಲ್ ಎಂದಿಟ್ಟುಕೊಂಡು, ಒಲೆಯಿಂದ ನಿಮಿಷಕ್ಕೆ 12.5 ಕಿಲೋಜೂಲ್ ಬರುತ್ತಿದೆ ಎಂದು ಲೆಕ್ಕ ಹಾಕಿದಾಗ ನಮಗೆ ದೊರೆತ ಗುಪ್ತೋಷ್ಣ ಕಿಲೋಗ್ರಾಂಗೆ 301 ಕಿಲೋಜೂಲ್. 334ಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಎಲ್ಲಿ ತಪ್ಪಿದೆವು?

ಶೈತ್ಯಯಂತ್ರ ತಂತ್ರಜ್ಞ:

ಪಾತ್ರೆಯನ್ನು ಮರೆತಿದ್ದೀರಿ. ಮಂಜು ಕರಗುವಾಗ ಪಾತ್ರೆಯೂ ಸೊನ್ನೆಯಲ್ಲೇ ಇರುತ್ತದೆ, ಅದಕ್ಕೆ ಶಾಖ ಬೇಡ. ನೀರು 10ರಿಂದ 40ಕ್ಕೆ ಏರುವಾಗ ಪಾತ್ರೆಯೂ ಜೊತೆಗೆ ಏರಬೇಕು. ಪಾತ್ರೆಯನ್ನು ತೂಗಿ, ಸ್ಟೀಲಿಗೆ ಕಿಲೋಗ್ರಾಂ ಡಿಗ್ರಿಗೆ 0.5 ಕಿಲೋಜೂಲ್ ಹಿಡಿದು ಲೆಕ್ಕವನ್ನು ಮತ್ತೆ ಹಾಕಿ.

ಕಲಿಯುವ ತಂದೆ:

ಪಾತ್ರೆ 300 ಗ್ರಾಂ ತೂಗಿತು. ಅದನ್ನು ಸೇರಿಸಿದರೆ ಒಲೆಯಿಂದ ಬಂದದ್ದು ನಿಮಿಷಕ್ಕೆ 13.4 ಕಿಲೋಜೂಲ್, ಗುಪ್ತೋಷ್ಣ 323. ಇನ್ನೂ 11 ಕಡಿಮೆ ಇದೆ. ಆದರೆ ಈ ಬಾರಿ ಕಾರಣವನ್ನು ಮಗಳೇ ಹೇಳಿದಳು: ಸೊನ್ನೆಗೆ ಬರಲೆಂದು ಹೊರಗಿಟ್ಟ ಮಂಜಿನ ಮೈ ಮೊದಲೇ ಒದ್ದೆಯಾಗಿತ್ತು, ಆ ನೀರನ್ನೂ ನಾವು ಮಂಜೆಂದೇ ತೂಗಿದ್ದೆವು. 16 ಗ್ರಾಂನಷ್ಟು ನೀರು ಅಂಟಿಕೊಂಡಿದ್ದರೂ ಈ ವ್ಯತ್ಯಾಸ ಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದಳು.

ಭೌತಶಾಸ್ತ್ರ ಉಪನ್ಯಾಸಕಿ:

ಮಗಳು ಹೇಳಿದ್ದು ಸರಿ. ತಣ್ಣಗಿನ ಪಾತ್ರೆಗೆ ಕೋಣೆಯ ಗಾಳಿಯಿಂದಲೂ ಸ್ವಲ್ಪ ಶಾಖ ಸೇರಿರುತ್ತದೆ, ಅದೂ ಕರಗುವ ಸಮಯವನ್ನು ಕಡಿಮೆ ಮಾಡುತ್ತದೆ. ಮುಂದಿನ ಬಾರಿ ಮಂಜನ್ನು ಒಣಬಟ್ಟೆಯಲ್ಲಿ ಒತ್ತಿ ಒರೆಸಿದ ಮೇಲೆ ತೂಗಿ, ಪಾತ್ರೆಗೆ ದಪ್ಪ ಬಟ್ಟೆಯನ್ನೋ ಥರ್ಮೋಕೋಲನ್ನೋ ಒಲೆಯ ಶಾಖ ತಗುಲದಂತೆ ಮೇಲ್ಭಾಗಕ್ಕೆ ಸುತ್ತಿ ನೋಡಿ. ಎಷ್ಟು ಬಂತೆಂದು ಇಲ್ಲಿಯೇ ತಿಳಿಸಿದರೆ ನಮಗೆಲ್ಲ ಸಂತೋಷ.